ಡೈರಿಯಲ್ಲಿ ಬರೆಯದ ಎರಡು ರಾತ್ರಿ

ತಂಗಿಯ ಮಗನನ್ನು ಠಾಣೆಯಿಂದ ಬಿಟ್ಟ ಬೆಳಿಗ್ಗೆ ವಕೀಲ ಮೇಡಂ ಫೋನಿನಲ್ಲಿ ಹೇಳಿದ್ದು ಇಷ್ಟು: ‘ಮನೆಗೆ ಕರಕೊಂಡು ಹೋಗಬೇಡಿ. ಸ್ನಾನ ಮಾಡಿಸಬೇಡಿ, ಬಟ್ಟೆ ಬದಲಿಸಬೇಡಿ. ನೇರ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ ಮಾಡಿಸಿ, ಗಾಯ ಕಾನೂನಿನ ದಾಖಲೆಗೆ ಬರಲಿ.’ ತಂಗಿಗೆ ಇದು ಒಪ್ಪಿಗೆಯಾಗಲಿಲ್ಲ. ‘ಅಣ್ಣಾ, ಮೊದ್ಲು ಮನೀಗೆ ಹೋಗಾಣ, ಒಂದು ತುತ್ತು ಉಣ್ಲಿ ಅವ್ನು’ ಎಂದು ಆಟೋದಲ್ಲೇ ಅಳುತ್ತಿದ್ದಳು. ಹುಡುಗ ಸೀಟಿನ ಮೇಲೆ ನೆಟ್ಟಗೆ ಕೂರಲಾಗದೆ ಒಂದು ಮಗ್ಗುಲಿಗೆ ವಾಲಿಕೊಂಡಿದ್ದ. ಪಿ.ಬಿ. ರಸ್ತೆಯ ಪ್ರತಿ ಹಂಪ್‌ಗೂ ಹಲ್ಲು ಕಚ್ಚುತ್ತಿದ್ದ. ನಾನು ಡ್ರೈವರ್‌ಗೆ ಆಸ್ಪತ್ರೆಯ ಕಡೆ ತಿರುಗಿಸು ಎಂದೆ.

ಕ್ಯಾಶುವಾಲ್ಟಿಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಏನಾಯ್ತು ಎಂದು ಕೇಳಿದಾಗ ಹುಡುಗ ‘ಬೈಕಿನಿಂದ ಬಿದ್ದೆ’ ಎಂದ. ಹಾಗೆ ಹೇಳು ಎಂದೇ ಹೇಳಿ ಕಳಿಸಿದ್ದರಂತೆ. ಆಕೆ ಅವನ ಅಂಗಾಲು ನೋಡಿದರು, ನಮ್ಮನ್ನೆಲ್ಲ ಪರದೆಯ ಆಚೆ ಕಳಿಸಿದರು, ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಒಳಗೆ ಕರೆದು, ಅವನ ತೊಡೆಯ ಹಿಂಬದಿಯಲ್ಲಿ ಬೆರಳಿಟ್ಟು ತೋರಿಸಿದರು. ಕೋಲಿನ ಏಟು ಬಿದ್ದ ಕಡೆ ಜೋಡಿ ಗೆರೆ ಎದ್ದಿರುತ್ತದೆ, ನಡುವಿನ ಜಾಗ ಬಿಳಚಿಕೊಂಡಿರುತ್ತದೆ. ದುಂಡನೆಯ ಗಟ್ಟಿ ಕೋಲಿನಿಂದ ಬೀಸಿ ಹೊಡೆದರೆ ಹೀಗಾಗುವುದು. ಬೈಕಿನಿಂದ ಬಿದ್ದವನ ಮೈ ತರಚಿರುತ್ತದೆ, ಇಂಥ ಜೋಡಿ ಗೆರೆ ಸಾಲುಸಾಲಾಗಿ ಬರುವುದಿಲ್ಲ. ‘ಈಗ ಕೆಂಪಗಿದೆ, ಆಮೇಲೆ ನೀಲಿ, ಒಂದು ವಾರದ ಸುಮಾರಿಗೆ ಹಸಿರು, ಹಳದಿ. ಎರಡು ವಾರ ಆದ್ಮೇಲೆ ಬಂದಿದ್ರೆ ನನಗೆ ಬರೆಯೋಕೆ ಏನೂ ಇರ್ತಿರಲಿಲ್ಲ’ ಎಂದರು. ಅಂಗಾಲಿನ ಚರ್ಮ ದಪ್ಪ, ಅಲ್ಲಿ ಹೊಡೆದರೆ ಹೊರಗೆ ಅಷ್ಟಾಗಿ ಕಾಣುವುದೇ ಇಲ್ಲ, ಅದಕ್ಕೇ ಅಲ್ಲಿ ಹೊಡೆಯುವುದು ಎಂಬುದನ್ನೂ ಅವರೇ ಹೇಳಿದರು.

ಮೂತ್ರ ಯಾವ ಬಣ್ಣದಲ್ಲಿ ಹೋಗುತ್ತಿದೆ ಎಂದು ಎರಡೆರಡು ಸಲ ಕೇಳಿದರು. ಮಾಂಸಖಂಡಕ್ಕೆ ಒಂದೇ ಸಮನೆ ಏಟು ಬಿದ್ದರೆ ಜಜ್ಜಿದ ಸ್ನಾಯುವಿನಿಂದ ಹೊರಬಿದ್ದ ಪದಾರ್ಥ ರಕ್ತಕ್ಕೆ ಸೇರಿ ಕಿಡ್ನಿಯನ್ನೇ ನಿಲ್ಲಿಸಿಬಿಡಬಹುದು; ಮೂತ್ರ ಕಡುಕಂದು ಬಣ್ಣಕ್ಕೆ ತಿರುಗುವುದು ಅದರ ಸೂಚನೆ. ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕಳಿಸಿ ಡ್ರಿಪ್ ಹಾಕಿಸಿದರು. ಮೂಳೆ ಮುರಿದಿಲ್ಲವಲ್ಲ, ಸದ್ಯ ಎಂದು ಸಮಾಧಾನಪಡುವವರು ಇದನ್ನು ತಿಳಿದಿರಬೇಕು. ಠಾಣೆಯಿಂದ ನಡೆದುಕೊಂಡೇ ಬಂದ ಮನುಷ್ಯ ಆಮೇಲೆ ಮನೆಯಲ್ಲಿ ಸಾಯುವುದು ಹೀಗೂ ಆಗುತ್ತದೆ.

ಎಂಎಲ್‌ಸಿ ರಿಜಿಸ್ಟರಿನಲ್ಲಿ ಹೇಗಾಯಿತು ಎಂಬ ಕಾಲಂನಲ್ಲಿ ‘ಪೊಲೀಸ್ ಠಾಣೆಯಲ್ಲಿ ಲಾಠಿಯಿಂದ ಹೊಡೆದರೆಂದು ಗಾಯಾಳು ಹೇಳುತ್ತಾರೆ’ ಎಂದು ಬರೆದರು. ಆ ಸಾಲು ಬರೆಯುವ ಮುಂಚೆ ಅವರ ಪೆನ್ನು ಒಂದು ಗಳಿಗೆ ನಿಂತದ್ದನ್ನು ನೋಡಿದ್ದೇನೆ. ಎಂಎಲ್‌ಸಿ ಆದರೆ ಆಸ್ಪತ್ರೆಯ ಔಟ್‌ಪೋಸ್ಟಿನಿಂದ ಸಂಬಂಧಪಟ್ಟ ಠಾಣೆಗೆ ಇಂಟಿಮೇಷನ್ ಹೋಗುತ್ತದೆ. ಅಂದರೆ ಹೊಡೆದವರ ಮೇಜಿಗೇ ಹೋಗುತ್ತದೆ. ಆಕೆಗೂ ಅದು ಗೊತ್ತಿತ್ತು, ಆದರೂ ಬರೆದರು. ಮುಂದೆ ನಮ್ಮ ಕೈಯಲ್ಲಿ ನಿಂತ ಕಾಗದಗಳಲ್ಲಿ ಮೊದಲನೆಯದು ಅದು.

ಹಿಂದಿನದನ್ನು ಹೇಳುತ್ತೇನೆ. ನಾನು ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಗುಮಾಸ್ತ. ಅಳಿಯ, ಅಂದರೆ ಈ ತಂಗಿಯ ಮಗ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾನೆ. ಕತ್ತಲಿರುವಾಗಲೇ ಒಲೆ ಹೊತ್ತಿಸಿ ಕಾದ ಮರಳಿನ ಮುಂದೆ ನಿಲ್ಲುವ ಕೆಲಸ. ಭಟ್ಟಿಯ ಪಕ್ಕದ ಗೋದಾಮಿನಲ್ಲಿ ಮೋಟರು, ತಾಮ್ರದ ತಂತಿ ಕಳುವಾಗಿತ್ತು. ಅಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವವರು ಯಾರು ಎಂದರೆ ಭಟ್ಟಿಯ ಹುಡುಗರೇ. ಒಂದು ರಾತ್ರಿ ಮಫ್ತಿಯಲ್ಲಿದ್ದ ನಾಲ್ಕೈದು ಜನ ಕಾರಿನಲ್ಲಿ ಬಂದು ಇವನನ್ನು ಎತ್ತಿಕೊಂಡು ಹೋದರು. ತಂಗಿ ಬಾಗಿಲಿಗೆ ಅಡ್ಡ ನಿಂತು ‘ಯಾರ್ ಸಾರ್ ನೀವು’ ಎಂದಾಗ ‘ಎಂಕ್ವೈರಿ ಅಷ್ಟೇನಮ್ಮ, ಬೆಳಿಗ್ಗೆ ಕಳಿಸ್ತೀವಿ’ ಎಂದರಂತೆ.

ನಾನು ಠಾಣೆಗೆ ಹೋದಾಗ ಮಧ್ಯರಾತ್ರಿ ದಾಟಿತ್ತು. ಸೆಂಟ್ರಿ ‘ಆ ಹೆಸರಿನವರು ಯಾರೂ ಇಲ್ಲ’ ಎಂದ. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ತಲೆ ಎತ್ತಲೂ ಇಲ್ಲ. ಹೊರಗೆ ಬೈಕುಗಳ ಸಂದಿಯಲ್ಲಿ ಅಳಿಯನ ಚಪ್ಪಲಿ ಬಿದ್ದಿತ್ತು, ಎಡಗಾಲಿನದಕ್ಕೆ ಹೊಸ ಉಂಗುಷ್ಠ ಹಾಕಿಸಿದ್ದು ನಾನೇ. ಫೋನಿನಲ್ಲಿ ಅದರ ಫೋಟೊ ತೆಗೆದೆ, ಠಾಣೆಯ ಬೋರ್ಡೂ ಬರುವ ಹಾಗೆ. ಅಲ್ಲೇ ಗೇಟಿನ ಮುಂದೆ ನಿಂತು ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ, ಇಂಥ ಠಾಣೆಯಲ್ಲಿ ಇಂಥವನನ್ನು ಇಟ್ಟುಕೊಂಡು ಇಲ್ಲ ಅನ್ನುತ್ತಿದ್ದಾರೆ ಎಂದು ಹೇಳಿದೆ. ಆ ಕಡೆಯವರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ, ಆದರೆ ಕರೆ ದಾಖಲಾಯಿತು. ಸೆಂಟ್ರಿ ಕೆಳಗಿಳಿದು ಬಂದು ನನ್ನ ಫೋನ್ ಕಸಿದುಕೊಳ್ಳಲು ಕೈ ಚಾಚಿದ. ಆಚೆ ಟೀ ಅಂಗಡಿಯಲ್ಲಿ ನಾಲ್ಕು ಜನ ನೋಡುತ್ತಿದ್ದರಿಂದ ಅಷ್ಟಕ್ಕೇ ಬಿಟ್ಟ.

ಮಾರನೆಯ ದಿನ ಸಂಬಂಧಿಕರ ಮನೆಗಳಿಗೆ, ಪರಿಚಯದ ಕಾರ್ಪೊರೇಟರ್ ಹತ್ತಿರಕ್ಕೆ ಅಲೆದಾಡಿದೆವು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋದೆವು. 1987ರ ಕಾಯ್ದೆಯ ಪ್ರಕಾರ ಕಸ್ಟಡಿಯಲ್ಲಿರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ವಕೀಲ ಮೇಡಂ ಸಿಕ್ಕಿದ್ದು ಅಲ್ಲಿ. ಅವರು ಮೊದಲು ಕೇಳಿದ್ದು ಕಳ್ಳತನದ ವಿಷಯವನ್ನಲ್ಲ. ‘ಅರೆಸ್ಟ್ ಮೆಮೊ ಕೊಟ್ಟಿದಾರಾ? ನೋಟಿಸ್ ಕೊಟ್ಟಿದಾರಾ? ಎಷ್ಟು ಗಂಟೆ ಆಯ್ತು?’

ಆಮೇಲೆ ಒಂದೊಂದಾಗಿ ತಿಳಿಯುತ್ತ ಹೋಯಿತು. ದಸ್ತಗಿರಿ ಮಾಡುವ ಅಧಿಕಾರಿಯ ಎದೆಯ ಮೇಲೆ ಓದಲು ಬರುವಂಥ ಹೆಸರಿನ ಪಟ್ಟಿ ಇರಬೇಕು. ಮೆಮೊ ಬರೆದು ಮನೆಯವರ ಅಥವಾ ಊರಿನ ಒಬ್ಬರ ಸಹಿ ಹಾಕಿಸಬೇಕು. ಸಂಬಂಧಿಕರಿಗೆ ತಿಳಿಸಬೇಕು. ಬಂಧಿತನ ಮೈಮೇಲಿನ ಗಾಯಗಳನ್ನು ಅವನು ಕೇಳಿದರೆ ಪರೀಕ್ಷಿಸಿ ಬರೆದಿಡಬೇಕು. 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು. ಇದೆಲ್ಲ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲೇ ಹೇಳಿದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ, ದಸ್ತಗಿರಿ, ತನಿಖೆ, ವಿಚಾರಣೆಗಳ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹೆಸರಿನ ಪಟ್ಟಿ, ಮೆಮೊ 36ನೇ ಕಲಮಿನಲ್ಲಿ ಇವೆ, ಮನೆಯವರಿಗೆ ತಿಳಿಸುವುದು 48ರಲ್ಲಿದೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು 58ರಲ್ಲಿದೆ. ಸಂವಿಧಾನದ 22ನೇ ವಿಧಿಯಲ್ಲಂತೂ ಮೊದಲಿನಿಂದಲೂ ಇದೆ. ಈ ಎಲ್ಲ ಬಾಗಿಲುಗಳನ್ನು ಒಂದೇ ಏಟಿಗೆ ಮುಚ್ಚುವ ದಾರಿ ಎಂದರೆ ದಸ್ತಗಿರಿಯನ್ನೇ ತೋರಿಸದಿರುವುದು. ಠಾಣೆಯ ದಿನದಿನದ ಆಗುಹೋಗು ಬರೆದಿಡುವ ಸ್ಟೇಷನ್ ಹೌಸ್ ಡೈರಿಯಲ್ಲಿ ಹೆಸರಿಲ್ಲ ಎಂದಮೇಲೆ 24 ಗಂಟೆ ಯಾವಾಗಿನಿಂದ ಎಣಿಸುವುದು? ಪರೀಕ್ಷೆ ಮಾಡಬೇಕಾದ ಬಂಧಿತ ಎಲ್ಲಿದ್ದಾನೆ? ನನ್ನ ಅಳಿಯ ಎರಡು ರಾತ್ರಿ, ಒಂದು ಹಗಲು ಆ ಕಟ್ಟಡದೊಳಗಿದ್ದ. ಕಾಗದದ ಪ್ರಕಾರ ಅವನು ಅಲ್ಲಿ ಇರಲೇ ಇಲ್ಲ. ಏಟಿಗಿಂತ ಮುಂಚಿನ ಅನ್ಯಾಯ ಇದು ಎಂದು ನಾನು ನಂಬಿದ್ದೇನೆ. ಏಟು ಬೀಳುವುದು ಈ ಬರೆಯದ ಹೊತ್ತಿನಲ್ಲೇ.

ವಕೀಲ ಮೇಡಂ ಸಂಹಿತೆಯ 100ನೇ ಕಲಮಿನಡಿ ಅರ್ಜಿ ಸಿದ್ಧಪಡಿಸಿದರು. ಯಾರನ್ನಾದರೂ ಕಾನೂನುಬಾಹಿರವಾಗಿ ಕೂಡಿಹಾಕಿದ್ದಾರೆ ಎಂದು ನಂಬಲು ಕಾರಣವಿದ್ದರೆ ಮ್ಯಾಜಿಸ್ಟ್ರೇಟರು ಸರ್ಚ್ ವಾರಂಟ್ ಹೊರಡಿಸಬಹುದು. ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್‌ಗೆ ನಾವು ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕು. ಇದಾದರೆ ನಮ್ಮೂರಿನ ಕೋರ್ಟಿನಲ್ಲೇ ಆಗುತ್ತದೆ. ಬೆಳಿಗ್ಗೆ ಅರ್ಜಿ ಹಾಕುತ್ತಿದ್ದೇವೆ ಎಂಬ ಸುದ್ದಿ ಠಾಣೆಗೆ ಹೇಗೋ ಮುಟ್ಟಿತು. ಕೋರ್ಟು ಕೂರುವ ಮುಂಚೆಯೇ ತಂಗಿಗೆ ಫೋನ್ ಬಂತು, ಬಂದು ಕರಕೊಂಡು ಹೋಗಿ ಎಂದು. ‘ನನ್ನ ಮಗನನ್ನು ಸುಸ್ಥಿತಿಯಲ್ಲಿ ಪಡೆದಿರುತ್ತೇನೆ’ ಎಂದು ಬರೆದ ಹಾಳೆಗೆ ಅವಳ ಸಹಿ ಹಾಕಿಸಿಕೊಂಡರು. ತಾರೀಖಿನ ಜಾಗ ಖಾಲಿ ಇತ್ತು ಎಂದು ಅವಳು ಈಗಲೂ ಹೇಳುತ್ತಾಳೆ.

ದೂರು ಕೊಡುವುದೆಂದು ನಿಶ್ಚಯವಾದ ಮೇಲೆ ಮನೆಗೆ ಬರುವವರು ಜಾಸ್ತಿಯಾದರು. ಒಬ್ಬ ದೂರದ ನೆಂಟ, ಇಲಾಖೆಯಲ್ಲೇ ಇರುವವನು, ಬಂದು ‘ಅಣ್ಣಾರ, ಹುಡುಗ್ನ ಮುಂದಿನ ಜೀವನ ನೋಡ್ರಿ. ನಾಳೆ ರೌಡಿ ಶೀಟ್ ತೆಗೆದ್ರೆ ಏನ್ ಮಾಡ್ತೀರಿ? ಖರ್ಚು ಎಷ್ಟಾಗೈತಿ ಹೇಳ್ರಿ, ಕೊಡಿಸ್ತೀನಿ’ ಎಂದ. ಮಂಡಿಯ ಸಾಹುಕಾರರೂ ಒಂದು ಮಾತು ಹೇಳಿದರು. ನನಗೆ ಇವರೆಲ್ಲರಿಗಿಂತ ನೋವಾದದ್ದು ಓಣಿಯವರ ಮಾತಿನಿಂದ: ‘ಪೊಲೀಸ್ರು ಹೊಡೀದೆ ಮುದ್ದು ಮಾಡ್ತಾರಾ? ಏನೂ ಇಲ್ದೆ ಯಾಕ್ ಕರ್ಕೊಂಡು ಹೋಗ್ತಾರೆ?’

ಈ ಮಾತಿಗೆ ಉತ್ತರವನ್ನು ನನಗೆ ವಿವರಿಸಿದವರು ನಮ್ಮ ಓಣಿಯ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ರಾತ್ರಿ ಊಟ ಆದ ಮೇಲೆ ಕಟ್ಟೆಗೆ ಬಂದು ಕೂತು, ತಮ್ಮ ಕಾಲದ್ದನ್ನೆಲ್ಲ ಬಿಚ್ಚಿ ಹೇಳಿದರು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇರಲಿಲ್ಲ, ಈಗಿನ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇಲ್ಲ. ಹಾಗಿದ್ದರೆ ಹೊಡೆಯುವುದೇಕೆ? ರಿಕವರಿಗೆ. ಆರೋಪಿ ಹೇಳಿದ ಮಾತಿನ ಮೇಲೆ ಏನಾದರೂ ಮಾಲು ಸಿಕ್ಕರೆ, ಅಷ್ಟರ ಮಟ್ಟಿಗಿನ ಮಾತು ಸಾಕ್ಷ್ಯವಾಗಿ ನಿಲ್ಲುತ್ತದೆ. ‘ಕ್ರೈಂ ಮೀಟಿಂಗ್‌ನಾಗೆ ಸಾಹೇಬ್ರು ಕೇಳೋದು ಒಂದೇ, ಎಷ್ಟು ಪತ್ತೆ, ಎಷ್ಟು ರಿಕವರಿ. ಬೆರಳಚ್ಚು ಎತ್ತಾಕೆ, ಕ್ಯಾಮೆರಾ ನೋಡಾಕೆ, ಗುಜರಿ ಅಂಗಡಿ ಸುತ್ತಾಕೆ ಹೊತ್ತು ಬೇಕಲ್ಲ. ಏಟಿಗೆ ಹೊತ್ತು ಬೇಕಾಗಿಲ್ಲ.’ ಅವರು ಅದನ್ನು ಸಮರ್ಥಿಸುತ್ತಿರಲಿಲ್ಲ. ವಾರದ ರಜೆ ಸಿಗದೆ ಬಂದೋಬಸ್ತಿನಿಂದ ಬಂದೋಬಸ್ತಿಗೆ ಓಡುವ ಪೇದೆಗಳ ಪಾಡನ್ನೂ ಹೇಳಿದರು. 2016ರ ಜೂನ್ 4ಕ್ಕೆ ರಾಜ್ಯದ ಪೊಲೀಸರೇ ಸಾಮೂಹಿಕ ರಜೆಗೆ ಕರೆ ಕೊಟ್ಟಿದ್ದು ನೆನಪಿಸಿದರು. ಅವರ ಪಾಡು ನಿಜ. ಆದರೆ ಅದರ ಲೆಕ್ಕ ಚುಕ್ತಾ ಆಗಬೇಕಾದದ್ದು ಭಟ್ಟಿಯ ಹುಡುಗನ ಅಂಗಾಲಿನ ಮೇಲಲ್ಲ.

ಅವರೇ ಇನ್ನೊಂದು ಮಾತು ಹೇಳಿದರು, ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಅವರು ಸೇರಿದ ಹೊಸದರಲ್ಲಿ ಬೀಟಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರಂತೆ, ಯಾವ ಮನೆಯ ಹುಡುಗ ಯಾವ ದಾರಿ ಹಿಡಿದಿದ್ದಾನೆ ಎಂಬುದು ಠಾಣೆಗೆ ಬಾಯಿಪಾಠ ಇರುತ್ತಿತ್ತಂತೆ. ಈಗ ನಮ್ಮೂರಿನಲ್ಲಿ ಪೊಲೀಸರನ್ನು ನಾವು ಹೆಚ್ಚಾಗಿ ನೋಡುವುದು ಗಣಪತಿ ವಿಸರ್ಜನೆಗೆ ಮುಂಚೆ ನಡೆಯುವ ಪಥಸಂಚಲನದಲ್ಲಿ. ಹೆಲ್ಮೆಟ್ಟು, ಎದೆಗವಚ, ಫೈಬರ್ ಗುರಾಣಿ, ಅಶ್ರುವಾಯು ಗನ್ನು, ಜಾಲರಿ ಹೊಡೆದ ವಾಹನ, ಮೇಲೆ ಡ್ರೋನು. ಗಲಭೆಯ ದಿನಕ್ಕೆ ಅವು ಬೇಕಾಗಬಹುದು, ಕಲ್ಲು ಬೀಳುವಾಗ ಪೇದೆಯ ತಲೆಗೂ ರಕ್ಷಣೆ ಬೇಕು. ನನ್ನ ತಕರಾರು ಅದಲ್ಲ. ಗಲಭೆಯೇ ಇಲ್ಲದ ದಿನ ಅದೇ ಸರಂಜಾಮಿನೊಂದಿಗೆ ಓಣಿ ಓಣಿಯಲ್ಲಿ ಬೂಟು ಕುಟ್ಟಿಕೊಂಡು ಹೋಗುವುದು ಓಣಿಯ ಜನಕ್ಕೆ ಏನು ಹೇಳುತ್ತದೆ? ಕಳ್ಳತನದ ತನಿಖೆಗೆ ಬರುವವರು ಎದುರಾಳಿ ಪಡೆಯ ನೆಲೆಯ ಮೇಲೆ ದಾಳಿ ಮಾಡಿದ ಹಾಗೆ ರಾತ್ರಿ ಬಾಗಿಲು ಒದ್ದು ಬರುವುದು, ಮೈದಾನದಲ್ಲಿ ರೌಡಿ ಪರೇಡ್ ನಡೆಸಿ ಸಾಲಾಗಿ ನಿಲ್ಲಿಸಿದವರ ಕಾಲರ್ ಹಿಡಿದು ಕ್ಯಾಮೆರಾದ ಮುಂದೆ ಬೈಯುವುದು, ಅದನ್ನು ನೋಡಿ ನಾವು ಭೇಷ್ ಅನ್ನುವುದು, ಇವೆಲ್ಲ ಒಂದೇ ಕಡೆಗೆ ಹೋಗುವ ದಾರಿಗಳು. ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ 2024ರ ಮೇ ತಿಂಗಳಲ್ಲಿ ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದಿದ್ದ ವ್ಯಕ್ತಿ ತೀರಿಕೊಂಡ. ಜನ ಠಾಣೆಗೆ ನುಗ್ಗಿ ವಾಹನ ಜಖಂ ಮಾಡಿದರು, ಪೊಲೀಸರಿಗೂ ಗಾಯವಾಯಿತು. ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಸಾವಿನ ಕಾರಣದ ಬಗ್ಗೆ ಪೊಲೀಸರು ಹೇಳಿದ್ದು ಒಂದು, ಮನೆಯವರು ಹೇಳಿದ್ದು ಇನ್ನೊಂದು. ಠಾಣೆಯ ಮಾತನ್ನು ಜನ ನಂಬದ ಸ್ಥಿತಿ ಬಂದ ಮೇಲೆ ಪೊಲೀಸರಿಗೂ ಆ ಗುರಾಣಿಗಳಿಂದ ಉಪಯೋಗವಿಲ್ಲ.

ಲಿಖಿತ ದೂರನ್ನು ಠಾಣೆಯಲ್ಲಿ ತೆಗೆದುಕೊಳ್ಳಲಿಲ್ಲ. ನಿರೀಕ್ಷಿಸಿದ್ದೇ. ಠಾಣೆ ಎಫ್‌ಐಆರ್ ಮಾಡದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ ದೂರಿನ ಸಾರವನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಬೇಕು, ಆಮೇಲೆ ಮ್ಯಾಜಿಸ್ಟ್ರೇಟರಿಗೆ. ರಿಜಿಸ್ಟರ್ಡ್ ಪೋಸ್ಟ್ ಮಾಡಿ ರಸೀದಿ, ಅಕ್‌ನಾಲೆಜ್‌ಮೆಂಟ್ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟೆವು. ಕೈಯಲ್ಲಿ ಕೊಟ್ಟ ಅರ್ಜಿಗೆಲ್ಲ ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ದೂರಿನಲ್ಲಿ ಕೂಗಾಟ ಇರಬಾರದು ಎಂಬುದು ಮೇಡಂ ಅವರ ಕಟ್ಟಪ್ಪಣೆ. ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ, ಎಷ್ಟು ಜನ, ಯಾವುದರಿಂದ, ಮೈಮೇಲೆ ಎಲ್ಲಿ. ಅಳಿಯನಿಗೆ ಯಾರ ಹೆಸರೂ ಗೊತ್ತಿರಲಿಲ್ಲ, ಹೆಸರಿನ ಪಟ್ಟಿಯೇ ಇರಲಿಲ್ಲವಲ್ಲ. ಅವರು ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಿದ್ದರು, ಯಾರ ಕೈಯಲ್ಲಿ ಕಡಗ ಇತ್ತು, ಯಾರು ಒಳಗೆ ಬಂದಾಗ ಉಳಿದವರು ಎದ್ದು ನಿಂತರು, ಇಷ್ಟನ್ನೇ ಬರೆದೆವು. ತಪ್ಪೊಪ್ಪಿಸಲು ಅಥವಾ ಮಾಹಿತಿ ಕಕ್ಕಿಸಲು ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮಿನಡಿ 7 ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ, ಗಾಯ ತೀವ್ರವಾಗಿದ್ದರೆ 10 ವರ್ಷ. ಠಾಣೆಯ ಮಾತಿನಲ್ಲಿ ಹೇಳುವ ಹಾಗೆ ಕಾನೂನು ಹೊಡೆತವನ್ನು ‘ಟ್ರೀಟ್‌ಮೆಂಟ್’ ಎಂದು ಕರೆಯುವುದಿಲ್ಲ.

ಎಲ್ಲಕ್ಕಿಂತ ತುರ್ತಾಗಿ ಮಾಡಬೇಕಿದ್ದ ಕೆಲಸ ಸಿಸಿಟಿವಿಯದು. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು ಎಂದಿತು. ಬರೀ ಗೇಟಿನಲ್ಲಲ್ಲ. ಲಾಕಪ್ಪು, ಕಾರಿಡಾರು, ವರಾಂಡ, ಇನ್‌ಸ್ಪೆಕ್ಟರ್ ಕೋಣೆ, ಸಬ್ ಇನ್‌ಸ್ಪೆಕ್ಟರ್ ಕೋಣೆ, ಠಾಣೆಯ ಹಿಂಭಾಗ, ಶೌಚಾಲಯದ ಹೊರಗೆ ಕೂಡ. ಧ್ವನಿಯೂ ದಾಖಲಾಗಬೇಕು, ಕತ್ತಲಲ್ಲೂ ಕಾಣಬೇಕು. ದಾಖಲೆಯನ್ನು 18 ತಿಂಗಳು ಇಡಬೇಕು, ಅಷ್ಟು ಸಾಮರ್ಥ್ಯದ ಸಲಕರಣೆ ಸಿಗದಿದ್ದರೆ ಕನಿಷ್ಠ ಒಂದು ವರ್ಷ. ಠಾಣೆಯಲ್ಲಿ ಬಲಪ್ರಯೋಗವಾಗಿ ಗಾಯವಾದವರು ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು, ಆಯೋಗ ಆ ದೃಶ್ಯಗಳನ್ನು ತರಿಸಿಕೊಳ್ಳಬಹುದು. ಇದರ ಮೇಲುಸ್ತುವಾರಿಗೆ ಜಿಲ್ಲೆಗೊಂದು ಸಮಿತಿಯೂ ಇರಬೇಕು, ಅದರಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ ಸದಸ್ಯರು. ತೀರ್ಪು ಸ್ಪಷ್ಟವಾಗಿದೆ. ಆದರೆ ತೀರ್ಪು ಇದ್ದ ಮಾತ್ರಕ್ಕೆ ಹಾರ್ಡ್ ಡಿಸ್ಕಿನಲ್ಲಿ ದೃಶ್ಯ ಇರುತ್ತದೆ ಎಂದು ನಂಬಿ ಕೂರಬಾರದು.

ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ 2020ರ ಜೂನ್‌ನಲ್ಲಿ ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂದು ತಂದೆ ಮಗನನ್ನು ಠಾಣೆಗೆ ಒಯ್ದರು, ಇಬ್ಬರೂ ಸತ್ತರು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ನೋಡಿದಾಗ ಆ ಠಾಣೆಯ ಡಿಸ್ಕಿನಲ್ಲಿ ಒಂದು ಟೆರಾಬೈಟ್ ಜಾಗವಿತ್ತು. ಆದರೂ ದಿನದ ದೃಶ್ಯ ದಿನವೇ ತಾನಾಗಿ ಅಳಿಸಿಹೋಗುವ ಹಾಗೆ ಹೊಂದಿಸಿಡಲಾಗಿತ್ತು. ಅಲ್ಲಿ ಸತ್ಯ ಉಳಿದದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್ ರಾತ್ರಿಯೆಲ್ಲ ಹೊಡೆದರು ಎಂದು ಹೇಳಿಕೆ ಕೊಟ್ಟಿದ್ದರಿಂದ. ಮೇಡಂ ಇದನ್ನು ಹೇಳಿದ ದಿನವೇ ನಾವು ಅರ್ಜಿ ಹಾಕಿದೆವು. ಆ ಎರಡು ರಾತ್ರಿ ಒಂದು ಹಗಲಿನ ಎಲ್ಲ ಕ್ಯಾಮೆರಾಗಳ ದೃಶ್ಯವನ್ನು ಅಳಿಸದೆ ಕಾಯ್ದಿಡಬೇಕು ಎಂಬ ಕೋರಿಕೆಯನ್ನು ಠಾಣೆಗೆ, ಮೇಲಿನ ಕಚೇರಿಗೆ, ಜಿಲ್ಲಾಧಿಕಾರಿಗೆ, ಆಯೋಗಕ್ಕೆ ಒಂದೇ ದಿನ ಕಳಿಸಿದೆವು. ಕೊಡಿ ಎಂದು ಕೇಳುವುದು ಆಮೇಲೆ. ಮೊದಲು ಕಾಯ್ದಿಡಿ ಎಂದು ಕೇಳಬೇಕು. ಹಾಗೆ ಕೇಳಿದ ಮೇಲೆ ಅಳಿಸಿದರೆ ಅದಕ್ಕೆ ಅವರೇ ಕಾರಣ ಹೇಳಬೇಕಾಗುತ್ತದೆ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು ಎಂಬುದು ನಮ್ಮ ರಾಜ್ಯದ ನಿಯಮ. ಹಾಗಾಗಿ ಸ್ಟೇಷನ್ ಹೌಸ್ ಡೈರಿಗೆ ಒಂದು, ಆ ರಾತ್ರಿಯ ಡ್ಯೂಟಿ ಪಟ್ಟಿಗೆ ಒಂದು, ಕ್ಯಾಮೆರಾ ದೃಶ್ಯಕ್ಕೆ ಒಂದು. ಮನುಷ್ಯನ ಜೀವ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಯೊಳಗೆ ಕೊಡಬೇಕೆಂದು ಕಾಯ್ದೆಯ 7ನೇ ಕಲಂ ಹೇಳುತ್ತದೆ. ನಮಗೆ ಬಂದದ್ದು ‘ತನಿಖೆಗೆ ಅಡ್ಡಿಯಾಗುವುದರಿಂದ ನೀಡಲು ಬರುವುದಿಲ್ಲ’ ಎಂಬ ಹಿಂಬರಹ. ಮೇಡಂಗೆ ಅದನ್ನು ನೋಡಿ ಬೇಸರವಾಗಲಿಲ್ಲ. ‘ಯಾವ ತನಿಖೆ? ನಿಮ್ಮ ಹುಡುಗ ಅಲ್ಲಿರಲೇ ಇಲ್ಲ ಅಂದಿದ್ರಲ್ಲ!’ ಎಂದು ಆ ಹಿಂಬರಹವನ್ನೇ ಕಡತಕ್ಕೆ ಸೇರಿಸಿದರು, ಮೇಲ್ಮನವಿಯನ್ನೂ ಹಾಕಿಸಿದರು.

ಆಯೋಗಕ್ಕೆ ದೂರು ಕಳಿಸಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಕನ್ನಡದಲ್ಲಿ ಕೈಬರಹದಲ್ಲಿ ಬರೆದರೂ ಸಾಕು. ಒಂದು ವರ್ಷ ದಾಟಿದ ಘಟನೆಯನ್ನು ಅದು ತೆಗೆದುಕೊಳ್ಳುವುದಿಲ್ಲ, ಅಷ್ಟು ನೆನಪಿಡಬೇಕು. ಇನ್ನೊಂದು ಬಾಗಿಲೂ ಇದೆ. 2006ರ ಸೆಪ್ಟೆಂಬರಿನಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಲ್ಲಿ ಪೊಲೀಸ್ ದೂರು ಪ್ರಾಧಿಕಾರವೂ ಒಂದು. ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಅದಕ್ಕೆ ಅವಕಾಶ ಮಾಡಿತು. ನಮ್ಮ ಓಣಿಯಲ್ಲಿ ಒಬ್ಬರಿಗೂ ಇದರ ಹೆಸರು ಗೊತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ, ಠಾಣೆಯ ಗೋಡೆಯ ಮೇಲೆ ಇದರ ವಿಳಾಸ ದೊಡ್ಡ ಅಕ್ಷರದಲ್ಲಿ ಇರಬೇಕಾಗಿತ್ತು. ಎರಡೂ ಕಡೆ ದೂರು ಕಳಿಸಿದೆವು. ಆಯೋಗದಿಂದ ವರದಿ ಕೇಳಿ ನೋಟಿಸ್ ಹೋಗಿದೆ, ಅದರ ಪ್ರತಿ ನಮಗೂ ಬಂತು.

ಕೋರ್ಟಿನಲ್ಲಿ ಖಾಸಗಿ ದೂರು ಹಾಕಿದಾಗ ಪಿಸಿಆರ್ ನಂಬರ್ ಬಿತ್ತು. ಅಫಿಡವಿಟ್ ಬೇಕು, ಎಸ್‌ಪಿಯವರಿಗೆ ಕಳಿಸಿದ ದೂರಿನ ರಸೀದಿ ಬೇಕು, ಅವಿಲ್ಲದೆ ಮುಂದೆ ಹೋಗುವುದಿಲ್ಲ. ಆರೋಪಿ ಸರ್ಕಾರಿ ನೌಕರನಾದರೆ ಮೇಲಧಿಕಾರಿಯ ವರದಿ ತರಿಸಿ, ನೌಕರನ ಮಾತನ್ನೂ ಕೇಳಿ ಆಮೇಲೆ ಮ್ಯಾಜಿಸ್ಟ್ರೇಟರು ತೀರ್ಮಾನ ಮಾಡಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 175(4) ಮತ್ತು 223(2)ರಲ್ಲಿ ಸೇರಿಸಿದ್ದಾರೆ. ಕೋಲು ಹಿಡಿದವನಿಗೆ ಇಷ್ಟೊಂದು ಮೆಟ್ಟಿಲುಗಳ ರಕ್ಷಣೆ, ಏಟು ತಿಂದವನಿಗೆ ಒಂದು ಮೆಮೊ ಕೂಡ ಇರಲಿಲ್ಲ ಎಂಬುದು ನನ್ನನ್ನು ಈಗಲೂ ಕೆರಳಿಸುತ್ತದೆ.

ಅಳಿಯ ಪ್ರಮಾಣ ಹೇಳಿಕೆ ಕೊಟ್ಟ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಹುಡುಗ ಮಾತಿಗೆ ಮುಂಚೆ ನೀರು ಕೇಳಿದ. ನ್ಯಾಯಾಧೀಶರು ತಾವೇ ಹೇಳಿ ತರಿಸಿದರು, ಅವಸರ ಮಾಡಲಿಲ್ಲ. ಅವನು ಹೇಳಿದ್ದನ್ನು ಸಾಲುಸಾಲಾಗಿ ಟೈಪ್ ಮಾಡಿಸಿದರು. ಕೈ ಹಿಂದಕ್ಕೆ ಕಟ್ಟಿ ‘ಏರೋಪ್ಲೇನ್ ಹತ್ತಿಸ್ತೀವಿ’ ಎಂದು, ಅಂದರೆ ಆ ಕೈಗಳಿಂದಲೇ ಮೇಲಕ್ಕೆ ತೂಗುಹಾಕುತ್ತೇವೆಂದು ಹೆದರಿಸಿದ್ದು, ಕುರ್ಚಿಯ ಮೇಲೆ ಮಂಡಿಯೂರಿಸಿ ಅಂಗಾಲಿಗೆ ಹೊಡೆದದ್ದು, ಹೊಡೆದ ಮೇಲೆ ಬಾವು ಬರದಿರಲೆಂದು ಕುಣಿಸಿದ್ದು, ಮಧ್ಯೆ ಒಬ್ಬ ಪೇದೆ ಯಾರೂ ಇಲ್ಲದಾಗ ಎರಡು ಬಾಳೆಹಣ್ಣು ತಂದುಕೊಟ್ಟದ್ದು. ‘ನೀನು ಒಪ್ಪಿಕೊಂಡೆಯಾ?’ ಎಂದು ಕೇಳಿದಾಗ ‘ಒಪ್ಕೊಂಡೆ ಸಾರ್. ಎಲ್ಲಿಟ್ಟಿದೀಯ ಅಂದ್ರು, ನಂಗೆ ಗೊತ್ತಿದ್ರೆ ಹೇಳ್ತಿದ್ದೆ’ ಎಂದ. ತಂಗಿ ಹೊರಗೆ ಎದ್ದು ಹೋದಳು. ತೊಡೆಯ ಗುರುತು ಅಷ್ಟರಲ್ಲಿ ಪೂರ್ತಿ ಮಾಸಿತ್ತು, ಸಾಕ್ಷಿಗೆ ಉಳಿದದ್ದು ಡಾಕ್ಟರಮ್ಮ ಬರೆದ ಗಾಯದ ಪ್ರಮಾಣಪತ್ರ ಮಾತ್ರ. ಗೋದಾಮಿನ ಕಳ್ಳತನದಲ್ಲಿ ಅವನ ಮೇಲೆ ಇವತ್ತಿನವರೆಗೂ ಯಾವ ಕೇಸೂ ಇಲ್ಲ.

ಮುಂದಿರುವ ದೊಡ್ಡ ಗೋಡೆ ಅನುಮತಿಯದು. ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ, ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಎರಡೂ ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಸರ್ಕಾರದ ಅನುಮತಿ ಇಲ್ಲದೆ ವಿಚಾರಣೆ ನಡೆಸಬಾರದು ಎನ್ನುತ್ತವೆ. ನಮ್ಮ ರಾಜ್ಯದ್ದೇ ಆದ ಡಿ. ದೇವರಾಜ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಕರ್ತವ್ಯಕ್ಕೆ ಸಂಬಂಧವಿರುವ ಕೃತ್ಯದಲ್ಲಿ ಮಿತಿ ಮೀರಿದ್ದರೂ ಅನುಮತಿಯ ರಕ್ಷಣೆ ಇರುತ್ತದೆ, ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಇಲ್ಲ ಎಂದಿದೆ. ಎದುರಿನ ವಕೀಲರು ಆ ತೀರ್ಪನ್ನೇ ಹಿಡಿದು ನಿಂತಿದ್ದಾರೆ. ನಮ್ಮ ವಾದ ಒಂದೇ: ಡೈರಿಯಲ್ಲಿ ಬರೆಯದೆ, ಮೆಮೊ ಇಲ್ಲದೆ, ಹೆಸರು ಮುಚ್ಚಿಕೊಂಡು ಮಾಡಿದ್ದು ಕರ್ತವ್ಯವಾಗಿದ್ದರೆ ಅದನ್ನು ಬಚ್ಚಿಟ್ಟದ್ದು ಏಕೆ? ಅನುಮತಿ ಬೇಕೆಂದೇ ಆದರೂ, 218ರ ಪ್ರಕಾರ ಸರ್ಕಾರ 120 ದಿನದೊಳಗೆ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಎಂದು ಮೇಡಂ ಹೇಳುತ್ತಾರೆ.

ಕಳೆದ ತಾರೀಖಿಗೆ ಮೇಲಧಿಕಾರಿಯ ವರದಿ ಬಂತು. ಹುಡುಗನನ್ನು ಎರಡನೆಯ ದಿನ ಬೆಳಿಗ್ಗೆ ವಿಚಾರಣೆಗೆ ಕರೆಸಿ ಒಂದು ತಾಸಿನಲ್ಲಿ ಕಳಿಸಿದ್ದೇವೆ ಎಂದು ಅದರಲ್ಲಿದೆ. ಅದರ ಎದುರಿಗೆ ಮೇಡಂ ಮೊದಲ ರಾತ್ರಿಯ ಚಪ್ಪಲಿಯ ಫೋಟೊ, 112ಕ್ಕೆ ಮಾಡಿದ ಕರೆಯ ವಿವರ, ಎಂಎಲ್‌ಸಿ ಇಟ್ಟರು. ವರದಿಯ ಜೊತೆ ಬಂದ ಸಿಡಿಯಲ್ಲಿ ಮುಂದಿನ ಗೇಟಿನ ದೃಶ್ಯ ಮಾತ್ರ ಇತ್ತು, ಅದೂ ಎರಡನೆಯ ಬೆಳಗಿನದು. ಕಾರಿಡಾರು, ಹಿಂಭಾಗ ಮತ್ತು ಸಬ್ ಇನ್‌ಸ್ಪೆಕ್ಟರ್ ಕೋಣೆಯ ದೃಶ್ಯ, ಮೊದಲ ರಾತ್ರಿಯಿಂದ, ಮೂಲ ಹಾರ್ಡ್ ಡಿಸ್ಕ್ ಸಮೇತ ಕೋರ್ಟಿಗೆ ತರಿಸಬೇಕೆಂದು ಅರ್ಜಿ ಹಾಕಿದ್ದೇವೆ. ಹದಿನೆಂಟು ತಿಂಗಳ ಅವಧಿ ಇನ್ನೂ ಮುಗಿದಿಲ್ಲ. ಆಕ್ಷೇಪಣೆ ಸಲ್ಲಿಸಲು ಆ ಕಡೆಯವರು ಸಮಯ ಕೇಳಿದ್ದಾರೆ, ಮುಂದಿನ ತಾರೀಖಿಗೆ ವಾದ.